ಅಜ್ಜನ ಬಾಪ್ತಿಜ್ಮ್ ಯಾವ ಇಗರ್ಜಿಯಲ್ಲಿ (ಚರ್ಚಿನಲ್ಲಿ)? ಹಳೇ ಜನಗಣತಿ, ಚರ್ಚ್ ಪುಸ್ತಕ ಹುಡುಕಿ ಗೊತ್ತಿದ್ದವರು ಹೇಳಿ

ಕೊಪ್ಪದ ಟೀಚರ್

ನನಗೆ ಅರುವತ್ತೇಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಮಕ್ಕಳಿಗೆ ಹೋಂವರ್ಕ್ ಕೊಟ್ಟವಳು. ಈಗ ನನಗೇ ಹೋಂವರ್ಕ್ ಕೊಟ್ಟಿರುವುದು ನನ್ನ ಸೊಸೆ.

ಸೊಸೆ ವೇಲ್ಸಿನವಳು. ಕಳೆದ ಡಿಸೆಂಬರಿನಲ್ಲಿ ಮಗನ ಜೊತೆ ಬಂದಾಗ ಒಂದು ದೊಡ್ಡ ಹಾಳೆಯನ್ನು ಕ್ಯಾಲೆಂಡರ್ ಥರ ಸುರುಳಿ ಸುತ್ತಿ ತಂದಿದ್ದಳು. ಊಟದ ಮೇಜಿನ ಮೇಲೆ ಬಿಡಿಸಿದಳು. ವಂಶವೃಕ್ಷ. ಎಡಗಡೆ ಅವಳ ಕಡೆಯದು, 1841ರ ಜನಗಣತಿಯ ತನಕ ಹೋಗಿದೆ. ಅವಳ ಹಿರೀಕನೊಬ್ಬ ಮೆರ್ಥರ್ ಎಂಬ ಊರಿನಲ್ಲಿ ಕಬ್ಬಿಣದ ಕುಲುಮೆಯಲ್ಲಿದ್ದ, ಮನೆಯಲ್ಲಿ ಒಂಬತ್ತು ಜನ, ಜೊತೆಗೆ ಇಬ್ಬರು ಬಾಡಿಗೆಯವರು, ಎಲ್ಲ ಇದೆ. ಬಲಗಡೆ ನಮ್ಮದು. ಮಗ, ಅದರ ಮೇಲೆ ನಾನು ಮತ್ತು ನನ್ನ ಗಂಡ, ಅದರ ಮೇಲೆ ನನ್ನ ಅಪ್ಪ ಅಮ್ಮ, ಆಮೇಲೆ ಅಜ್ಜ ಅಜ್ಜಿ. ಅಲ್ಲಿಂದ ಮೇಲೆ ಬಿಳೀ ಹಾಳೆ. "ಅತ್ತೆ, ನಿಮ್ಮ 1901ರ ಜನಗಣತಿ ಯಾವ ವೆಬ್‌ಸೈಟಿನಲ್ಲಿ ಸಿಗುತ್ತದೆ?" ಅಂತ ಕೇಳಿದಳು. ನಾನು ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದೆ.

ನನಗೆ ಗೊತ್ತಿರುವುದಿಷ್ಟು. ನಾವು ಮಂಗಳೂರು ಕಡೆಯ ಕಥೋಲಿಕರು, ಮನೆಮಾತು ಕೊಂಕಣಿ. ಅಜ್ಜನ ಹೆಸರು ಜುವಾಂವ್, ಅಡ್ಡಹೆಸರು ಡಿಸೋಜ (ನಗಬೇಡಿ). ಮೂಡಬಿದಿರೆ ಕಡೆಯಿಂದ ಹುಡುಗನಾಗಿರುವಾಗಲೇ ಘಟ್ಟ ಹತ್ತಿ ಕಾಫಿ ತೋಟಕ್ಕೆ ಬಂದವರು. ಮೊದಲು ಕೂಲಿ, ಆಮೇಲೆ ಮೇಸ್ತ್ರಿ. ನನ್ನ ಅಪ್ಪ ಅದೇ ತೋಟದಲ್ಲಿ ರೈಟರ್ ಆಗಿದ್ದರು. ಅಜ್ಜ ತೀರಿಕೊಂಡದ್ದು 1983ರಲ್ಲಿ. ಸಮಾಧಿಯ ಕಲ್ಲಿನಲ್ಲಿ "96 ವರ್ಷ" ಎಂದು ಕೆತ್ತಿಸಿದ್ದೇವೆ. ಅಂದರೆ ಹುಟ್ಟಿದ್ದು 1887.

ಅಜ್ಜನ ಅಪ್ಪ ಪಾಸ್ಕಲ್. ಅವರ ವಿಷಯಕ್ಕೆ ಮನೆಯಲ್ಲಿ ಇದ್ದದ್ದು ಒಂದೇ ಮಾತು: "ಜಗಳ ಮಾಡಿ ಬೊಂಬಾಯಿಗೆ ಹೋದವ, ತಿರುಗಿ ಬರಲಿಲ್ಲ." ಆ ಮಾತು ಎತ್ತಿದರೆ ಅಜ್ಜ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದರು. ಅಜ್ಜನ ಅಮ್ಮನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. "ಹೊಳೆಬದಿ ಮಾಯ್" ಅಂತಷ್ಟೇ. ಒಬ್ಬ ಅಣ್ಣ ಇದ್ದರಂತೆ, ಊರಲ್ಲೇ ಉಳಿದರಂತೆ.

ಮೂಡಬಿದಿರೆ ಸುತ್ತಮುತ್ತ ಇಗರ್ಜಿಗಳು ಒಂದೆರಡಲ್ಲ. ಒಂದಕ್ಕೆ ಹೋಗಿದ್ದೆ. ಆಫೀಸಿನಲ್ಲಿದ್ದವರು ಕುರ್ಚಿಯಿಂದ ಏಳದೆಯೇ "ಆ ಕಾಲದ ಪುಸ್ತಕ ಗೆದ್ದಲು ತಿಂದಿದೆ" ಎಂದರು. ಕಪಾಟು ನನಗೆ ಕಾಣುತ್ತಿತ್ತು, ಬೀಗದ ಕೈ ಅದರಲ್ಲೇ ನೇತಾಡುತ್ತಿತ್ತು. ಏನು ಮಾಡಲಿ?

ಗೆದ್ದಲು ಬಿಟ್ಟದ್ದು

ಟೀಚರ್, ನನ್ನ ಹೆಸರು ನೋಡಿದರೇ ನಾನು ಎಂಥವನೆಂದು ಗೊತ್ತಾಗಿರಬೇಕು. ಹನ್ನೆರಡು ವರ್ಷದಿಂದ ಇದೇ ಹುಚ್ಚು.

ಮೊದಲು ಕೆಟ್ಟ ಸುದ್ದಿ. 1901ರ ಜನಗಣತಿಯಲ್ಲಿ ನಿಮ್ಮ ಅಜ್ಜನ ಹೆಸರು ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಎಣಿಕೆ ಶುರುವಾದದ್ದು 1871-72ರಲ್ಲಿ. ದೇಶಕ್ಕೆಲ್ಲ ಒಂದೇ ದಿನದ ಲೆಕ್ಕ ಇಟ್ಟು ಮಾಡಿದ ಮೊದಲ ಗಣತಿ 1881ರ ಫೆಬ್ರವರಿ 17ರದು. ಮನೆಮನೆಗೆ ಹೋಗಿ ಹೆಸರು, ವಯಸ್ಸು, ಜಾತಿ, ಕಸುಬು ಬರೆದದ್ದು ನಿಜ. ಆದರೆ ಸರಕಾರಕ್ಕೆ ಬೇಕಾದದ್ದು ಮೊತ್ತ. ಕೂಡಿಸಿ ಮುಗಿದ ಮೇಲೆ ಆ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನದಕ್ಕೂ ಬಾಗಿಲು ಮುಚ್ಚಿದೆ: 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಆ ದಾಖಲೆಯನ್ನು ಯಾರಿಗೂ ತೋರಿಸುವ ಹಾಗಿಲ್ಲ. ನೂರು ವರ್ಷ ಕಳೆದರೆ ತೆರೆಯುತ್ತೇವೆ ಎನ್ನುವ ಏರ್ಪಾಡು ಬ್ರಿಟನ್ನಿನದು. ಅವರ 1921ರದ್ದು 2022ರ ಜನವರಿಯಲ್ಲಿ ಬಿಡುಗಡೆಯಾಯಿತು.

ಸೊಸೆಗೆ ಒಂದೆರಡು ಮಾತು ನನ್ನ ಕಡೆಯಿಂದ ಹೇಳಿ. ಅವರ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು, 1941ರಲ್ಲಿ ಯುದ್ಧ ಅಂತ ಎಣಿಸಲೇ ಇಲ್ಲ. ಹಾಗಾಗಿ ಅವಳೂ ಮುಂದಿನ ಗಣತಿಗೆ 2052ರ ತನಕ ಕಾಯಬೇಕು. ಮತ್ತೆ 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಎಂದಿತ್ತು. ಕುಲುಮೆಯವನ ವಯಸ್ಸು 35 ಎಂದಿದ್ದರೆ ಅವನು ಮೂವತ್ತೊಂಬತ್ತೂ ಇರಬಹುದು.

ಇನ್ನು ಒಳ್ಳೇ ಸುದ್ದಿ. ಬಾಪ್ತಿಜ್ಮ್, ಮದುವೆಯ ಪುಸ್ತಕ ಇಡಲೇಬೇಕೆಂದು ಕಥೋಲಿಕ ಸಭೆ ವಿಧಿಸಿದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಅಷ್ಟು ಹಿಂದಕ್ಕೆ ಹೋಗಲಾಗುವುದಿಲ್ಲ. 1784ರಲ್ಲಿ ಇಗರ್ಜಿಗಳು ಉರುಳಿದವು, ಜನರನ್ನು ಶ್ರೀರಂಗಪಟ್ಟಣಕ್ಕೆ ಹೊಡೆದುಕೊಂಡು ಹೋದರು, 1799ರ ನಂತರ ಉಳಿದವರು ವಾಪಸು ಬಂದರು. ಮೊದಲಿನ ಪುಸ್ತಕಗಳು ಸಿಗುವುದು ಅಪರೂಪದಲ್ಲಿ ಅಪರೂಪ. (ಟಿಪ್ಪು ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ.) ನಿಮಗೆ ಬೇಕಾದದ್ದು ನೂರಿಪ್ಪತ್ತು ಮೂವತ್ತು ವರ್ಷದ ಹಿಂದಿನದು. ಅದು ಎಲ್ಲೋ ಒಂದು ಕಪಾಟಿನಲ್ಲಿ ಕೂತಿರುತ್ತದೆ.

ಹುಡುಕುವ ಮೊದಲು ಊರಿನ ಹೆಸರು ಗಟ್ಟಿ ಮಾಡಿಕೊಳ್ಳಿ. ಈಗ ಆ ಊರಿಗೆ ಹತ್ತಿರವಿರುವ ಇಗರ್ಜಿ ನಿಮ್ಮ ಅಜ್ಜ ಹುಟ್ಟುವಾಗ ಇತ್ತೋ ಇಲ್ಲವೋ ನೋಡಬೇಕು. ಜನ ಹೆಚ್ಚಾದ ಹಾಗೆ ಒಂದು ಇಗರ್ಜಿಯಿಂದ ಇನ್ನೊಂದು ಒಡೆದು ಹುಟ್ಟಿದೆ. ಹಳೇ ಪುಸ್ತಕ ತಾಯಿ ಇಗರ್ಜಿಯಲ್ಲೇ ಉಳಿದಿರುತ್ತದೆ. ನೂರಕ್ಕೆ ಐವತ್ತು ಜನ ಸೋಲುವುದು ಇಲ್ಲೇ. (ಲೆಕ್ಕ ನನ್ನ ಬಾಯಿಲೆಕ್ಕ.)

ಪುಸ್ತಕ ಕೈಗೆ ಬಂದ ಮೇಲೆ ಡಿಸೋಜ ಅಂತ ಹುಡುಕಬೇಡಿ. ನಾನು ನೋಡಿದ ಪುಸ್ತಕಗಳ ಕೊನೆಯಲ್ಲಿರುವ ಸೂಚಿ ಇರುವುದು ಬಾಪ್ತಿಜ್ಮ್ ಹೆಸರಿನ ಅಕ್ಷರ ಹಿಡಿದು. ಹೆಸರುಗಳೂ ಲ್ಯಾಟಿನ್ನಿನಲ್ಲಿ. ಮನೆಯ ಜುವಾಂವ್ ಅಲ್ಲಿ ಯೊವಾನ್ನೆಸ್, ಇನಾಸ್ ಹೋಗಿ ಇಗ್ನಾಸಿಯುಸ್, ಬಸ್ತ್ಯಾಂವ್ ಹೋಗಿ ಸೆಬಾಸ್ತಿಯಾನುಸ್. ಕೈಬರಹ ಒಂದೆರಡು ಪುಟ ಕಷ್ಟ ಕೊಡುತ್ತದೆ, ಆಮೇಲೆ ಬರೆದ ಪಾದ್ರಿಯ ಕೈ ನಿಮಗೆ ಪರಿಚಯವಾಗುತ್ತದೆ. ಎಲ್ಲ ನಮೂದೂ ಒಂದೇ ಅಚ್ಚಿನದು: ಇಂಥ ದಿನ ಹುಟ್ಟಿದ, ಇಂಥವರ ಮಗ, ಜ್ಞಾನ ತಂದೆ-ತಾಯಿ ಇಂಥವರು.

ಅಂಚು ನೋಡಿ, ಅಂಚು! 1908ರ ಈಸ್ಟರ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಯಾರಾದರೂ ಮದುವೆಯಾದರೆ ಆ ಸುದ್ದಿಯನ್ನು ಅವರ ಬಾಪ್ತಿಜ್ಮ್ ಆದ ಇಗರ್ಜಿಗೆ ಕಳಿಸಬೇಕು, ಅಲ್ಲಿ ಅದನ್ನು ಬಾಪ್ತಿಜ್ಮ್ ನಮೂದಿನ ಪಕ್ಕದಲ್ಲಿ ಬರೆಯಬೇಕು. ನಾಲ್ಕು ಯೊವಾನ್ನೆಸ್ ಡಿಸೋಜರ ನಡುವೆ ನಿಮ್ಮವರು ಯಾರೆಂದು ಹೇಳುವುದು ಆ ಅಂಚಿನ ಒಂದು ಗೆರೆ.

96 ವರ್ಷವನ್ನು ನಂಬಬೇಡಿ. ನಮ್ಮ ಹಿರಿಯರ ಸಮಾಧಿ ಕಲ್ಲಿನ ವಯಸ್ಸೂ ಶಾಲೆಯ ದಾಖಲೆಯ ಜೂನ್ 1ನೇ ತಾರೀಕೂ ಒಂದೇ ಜಾತಿ. ನೀವು ಟೀಚರ್, ನಿಮಗೆ ನಾನು ಹೇಳಬೇಕೆ? 1885ರಿಂದ 1902ರ ತನಕ ನೋಡಿ.

ಇನ್ನೊಂದು. ಮೊದಲ ಗಂಡು ಮಗುವಿಗೆ ತಂದೆಯ ಅಪ್ಪನ ಹೆಸರು, ಎರಡನೆಯದಕ್ಕೆ ತಾಯಿಯ ಅಪ್ಪನ ಹೆಸರು ಇಡುವ ಪದ್ಧತಿ ನಮ್ಮಲ್ಲಿತ್ತು. ಎಲ್ಲರೂ ಪಾಲಿಸಿದರೆಂದಲ್ಲ. ತಲೆಯಲ್ಲಿಟ್ಟುಕೊಂಡಿರಿ.

ತಾಲೂಕು ಕಚೇರಿ ಧೂಳು

ಟೀಚರ್ ಅಮ್ಮ, ಇವರು ಹೇಳಿದ್ದೆಲ್ಲ ಸರಿ, ಆದರೆ ಊರಿನ ಹೆಸರು ಗಟ್ಟಿ ಮಾಡಿ ಅಂತ ಹೇಳಿದವರು ಹೇಗೆ ಮಾಡುವುದಂತ ಹೇಳಲಿಲ್ಲ ನೋಡಿ. ಅದು ನನ್ನ ಕೆಲಸ. ರೆವಿನ್ಯೂದಲ್ಲಿ ಮೂವತ್ತನಾಲ್ಕು ವರ್ಷ ಕಡತ ಕಟ್ಟಿ ಬಿಚ್ಚಿ ಮಾಡಿದವ ನಾನು.

ನಿಮ್ಮ ಅಜ್ಜನ ಅಣ್ಣ ಊರಲ್ಲೇ ಉಳಿದ್ರು ಅಂದ್ರಿ. ಅವರಿಗೆ ಸ್ವಂತ ಭೂಮಿ ಇತ್ತಾ, ಗೇಣಿಯದ್ದಾ? ನಮ್ಮ ಕಡೆ ಬಡ ಪೊರ್ಬುಗಳ (ಕೊಂಕಣಿ ಕ್ರೈಸ್ತರ) ಪೈಕಿ ಹೆಚ್ಚಿನವರದ್ದು ಚಾಲಗೇಣಿ, ಅಂದ್ರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ. ಧಣಿ ಜೈನರೋ ಬಂಟರೋ ದೇವಸ್ಥಾನವೋ. ಹಾಗಿದ್ದರೆ 1974ರ ನಂತರ ಆ ಮನೆಯವರು ಡಿಕ್ಲರೇಶನ್ ಕೊಟ್ಟೇ ಕೊಟ್ಟಿರುತ್ತಾರೆ, ಫಾರಂ 7. ಉಳುವವನೇ ಒಡೆಯ ಅಂತ ಕಾನೂನು ಬಂದಾಗ ಭೂನ್ಯಾಯ ಮಂಡಳಿಯ ಮುಂದೆ ಹೋಗಿ ನಾವು ಯಾವಾಗಿನಿಂದ ಗೇಣಿ ಮಾಡ್ತಾ ಬಂದಿದ್ದೇವೆ ಅಂತ ಹೇಳಬೇಕಿತ್ತು. ಧಣಿ ತಕರಾರು ಮಾಡಿದ್ರೆ ಇನ್ನೂ ಒಳ್ಳೇದು! ಆಗ ಹೇಳಿಕೆ ಉದ್ದ ಆಗ್ತದೆ. ನನ್ನ ಅಜ್ಜನ ಕಾಲದಿಂದ, ಇಂಥವರ ಮಗ ಇಂಥವರು, ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಗೇಣಿ, ಇಂಥ ಹೊಳೆಯ ಬದಿಯ ಗದ್ದೆ, ಎಲ್ಲ ಬರ್ತದೆ. ತಂದೆಯ ಹೆಸರು ಸುಳ್ಳು ಹೇಳಿ ಯಾರಿಗೂ ಲಾಭ ಇರಲಿಲ್ಲ ಮಾರಾಯ್ರೆ, ವರ್ಷ ಮಾತ್ರ ಹಿಂದೆ ಮುಂದೆ ಮಾಡಿದ್ದಾರು.

ಕಚೇರಿಗೆ ಹೋಗುವ ಮೊದಲು ಆ ಮನೆಯ ಟ್ರಂಕು ನೋಡಿ. ಆದೇಶದ ನಕಲು, ಗೇಣಿ ಚೀಟು, ತೀರ್ವೆ ರಶೀದಿ ಎಲ್ಲ ಹಳೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇಟ್ಟಿರ್ತಾರೆ. ಧಣಿಗಳ ಕಡೆಯವರಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಪತ್ರ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಸಿಕ್ಕೀತು. ಅದರಲ್ಲಿ ತಂದೆಯ ಹೆಸರು, ಪ್ರಾಯ, ಕಸುಬು, ವಾಸ ಇಲ್ಲದೆ ದಸ್ತಾವೇಜು ಆಗುವುದೇ ಇಲ್ಲ.

ಕೊಪ್ಪದ ಟೀಚರ್

ಇಬ್ಬರಿಗೂ ಏನು ಹೇಳಲಿ. ಡಿಕ್ಲರೇಶನ್ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಘಟ್ಟದ ಮೇಲೆ ಬೆಳೆದ ನನಗೆ ಆ ಮಾತು ಮದುವೆ ಮನೆಯಲ್ಲಿ ಗಂಡಸರು ಜಗಳವಾಡುವಾಗ ಕೇಳಿದ ನೆನಪು ಮಾತ್ರ.

ಸೊಸೆಗೆ 1841ರ ವಯಸ್ಸಿನ ಕಥೆ ಹೇಳಿದೆ. ಅದು ಅವಳಿಗೆ ಮೊದಲೇ ಗೊತ್ತಿತ್ತು! ಅವಳ ತೊಂದರೆ ಬೇರೆಯಂತೆ. ಅವರೆಲ್ಲ ಜೋನ್ಸ್. ವೇಲ್ಸಿನಲ್ಲಿ ಮೊದಲು ಅಡ್ಡಹೆಸರೇ ಇರಲಿಲ್ಲ, ಇಂಥವನ ಮಗ ಇಂಥವನು ಅಂತಿದ್ದದ್ದು ಆಮೇಲೆ ಹೆಸರಾಗಿ ಅಂಟಿಕೊಂಡು ಬೀದಿಗೆ ಇಪ್ಪತ್ತು ಜೋನ್ಸ್ ಆದರಂತೆ. ಹಾಲು ಮಾರುವವನು "ಹಾಲಿನ ಜೋನ್ಸ್", ಉಳಿದವರಿಗೆ ತೋಟದ ಹೆಸರು, ಮನೆಯ ಹೆಸರು. ನಮ್ಮಲ್ಲೂ ಹಾಗೇ ಅಲ್ಲವೇ? ಅಡ್ಡಹೆಸರು ಕೊಟ್ಟದ್ದು ಪೋರ್ಚುಗೀಸ್ ಪಾದ್ರಿ, ಗುರುತು ಹಿಡಿದದ್ದು ಮೇಲಿನ ಮನೆ, ಹೊಳೆಬದಿ, ಪದವು ಅಂತ. ಇಡೀ ಸಂಜೆ ಅತ್ತೆ ಸೊಸೆ ಫೋನಿನಲ್ಲಿ ಇದೇ ಮಾತು. ಮಗ ಮಧ್ಯೆ ಬಂದು "ನನ್ನ ಹತ್ತಿರ ಮಾತಾಡುವುದಿಲ್ಲವಾ?" ಅಂತ ಕೇಳಿದ.

ಬೆಟಗೇರಿ ಓಣಿ

ನಾವು ಬಾಸೆಲ್ ಮಿಶನ್ ಸಭೆಯವರು, ಪ್ರೊಟೆಸ್ಟೆಂಟ್. ಟೀಚರ್ ಅವರ ಪ್ರಶ್ನೆಗೆ ನೇರ ಉತ್ತರ ಅಲ್ಲ ಇದು. ಇದೇ ಪ್ರಶ್ನೆ ಇಟ್ಟುಕೊಂಡು ಬರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ.

ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಆಮೇಲೆ ಧಾರವಾಡ, ಹುಬ್ಬಳ್ಳಿ, ನಮ್ಮ ಬೆಟಗೇರಿ. ಜರ್ಮನ್ನರು ಬರೆಯುವುದರಲ್ಲಿ ಗಟ್ಟಿಗರು. ಪ್ರತಿ ಠಾಣ್ಯದಿಂದ ಬಾಸೆಲ್‌ಗೆ ವರದಿ ಹೋಗುತ್ತಿತ್ತು, ಆ ಕಾಗದಗಳೂ ಫೋಟೋಗಳೂ ಈಗಲೂ ಅಲ್ಲಿ ಇವೆ. ಫೋಟೋಗಳ ದೊಡ್ಡ ಭಾಗ ಇಂಟರ್ನೆಟ್ಟಿನಲ್ಲೇ ನೋಡಬಹುದು. ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲೂ ಸಂಗ್ರಹ ಇದೆ. ಬರಹ ಹಳೇ ಜರ್ಮನ್ ಕೈಯದು, ಜರ್ಮನ್ ಬಲ್ಲವರಿಗೂ ತಡವರಿಸುವಂಥದ್ದು.

ನಮ್ಮ ಮುತ್ತಜ್ಜಿಯನ್ನು ನಾನು ಹಿಡಿದದ್ದು ಸಭೆಯ ಕುಟುಂಬ ಪುಸ್ತಕದಲ್ಲಿ. ಅವಳ ಹೆಸರಿನ ಮುಂದೆ ಮೊದಲಿನ ಹೆಸರು, ಬಿಟ್ಟುಬಂದ ಊರು, ಮಗ್ಗದ ಕೆಲಸ ಅಂತ ಬರೆದಿತ್ತು. ಅವಳ ಮೊದಲಿನ ಹೆಸರು ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸಿದ್ದಿಲ್ಲ. ಒಂದು ತಿಂಗಳು ನಾನೂ ಯಾರಿಗೂ ಹೇಳಲಿಲ್ಲ. ಆಮೇಲೆ ಅವ್ವನಿಗೆ ಹೇಳಿದೆ. "ಗೊತ್ತಿತ್ತು" ಅಂದಳು.

ಸುಗ್ಗಿ ಮುಗದ ಮ್ಯಾಲೆ

ಟೀಚರ್ರ, ನಿಮ್ಮದು ಓದಿ ನಮ್ಮ ಹೆಳವನ ನೆನಪಾತು ನೋಡ್ರಿ. ನಮ್ಮ ಕಡೆ ವಂಶಾವಳಿ ಹುಡಕ್ಕೊಂಡ ನಾವ ಎಲ್ಲೂ ಹೋಗೂದಿಲ್ಲ, ಅದ ನಮ್ಮ ಮನಿಗೆ ಬರ್ತೈತಿ. ಸುಗ್ಗಿ ಮುಗದ ಮ್ಯಾಲೆ, ವರ್ಷಾ ಅಲ್ಲ, ನಾಕೈದು ವರ್ಷಕ್ಕೊಮ್ಮೆ ಹೆಳವ ಬರ್ತಾನ. ಮದ್ಲ ಎತ್ತಿನ ಮ್ಯಾಲೆ ಗಂಟಿ ಬಾರಿಸ್ಕೋತ ಬರ್ತಿದ್ದ, ಈಗ ಬೈಕ್ ಮ್ಯಾಲೆ. ಕಟ್ಟಿ ಮ್ಯಾಲೆ ಕುಂತು ಪುಸ್ತಕ ಬಿಚ್ಚಿ ಹಾಡಿದಂಗ ಹೇಳ್ತಾನ: ಮೂಲ ಯಾವೂರು, ಯಾವ ಬರಗಾಲದಾಗ ಎದ್ದು ಬಂದ್ರಿ, ಮನಿದೇವ್ರು ಯಾವ್ದು, ಯಾರು ದತ್ತಕ ಬಂದ್ರು, ಯಾರು ಯಾರ ಜೋಡಿ ಬ್ಯಾರೆ ಆದ್ರು. ಮುಗದ ಮ್ಯಾಲೆ ಹೊಸದಾಗಿ ಹುಟ್ಟಿದ ಗಂಡು ಕೂಸಿನ ಹೆಸರು ಬರಕೊಂತಾನ. ಕಾಳು ಕೊಡಬೇಕು, ಬಟ್ಟಿ ಕೊಡಬೇಕು, ನಮ್ಮಪ್ಪ ಒಮ್ಮೆ ಆಕಳಾ ಕೊಟ್ಟಿದ್ದ.

ಹ್ವಾದ ಸಲ ನನ್ನ ಮಗಳು ಕೇಳಿದಳು, "ನನ್ನ ಹೆಸರು ಬರಕೊಳ್ಳೂದಿಲ್ಲೇನ್ರಿ?" ಅಂತ. ಹೆಳವ ನಕ್ಕ. "ನೀ ಹ್ವಾದ ಮನ್ಯಾಗ ಬರೀತಾರವ್ವ" ಅಂದ. ಅಲ್ಲೂ ಬರೆಯೂದಿಲ್ಲ ಅನ್ನೂದು ಆಕಿಗೂ ಗೊತ್ತು, ಅವಗೂ ಗೊತ್ತು.

ಮಲೆನಾಡ ಮಳೆ

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳ ನಕಲು ಇದೆಯಲ್ಲ? ಸೊಸೆ ಅಲ್ಲೇ ಇದ್ದಾಳೆ. ಹೋಗಿ ನೋಡಬಹುದು.

ಗೆದ್ದಲು ಬಿಟ್ಟದ್ದು

ಇದೆ. ಆದರೆ ಅದು ಮುಖ್ಯವಾಗಿ ಇಲ್ಲಿದ್ದ ಯುರೋಪಿಯನ್ನರದು ಮತ್ತು ಆಂಗ್ಲೋ-ಇಂಡಿಯನ್ನರದು. ಮೂಡಬಿದಿರೆಯ ಗೇಣಿದಾರ ಜುವಾಂವ್‌ನನ್ನು ಅಲ್ಲಿ ಹುಡುಕುವುದೆಂದರೆ ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲಿ ತೋಟದ ಕೂಲಿಯನ್ನು ಹುಡುಕಿದಂತೆ. ಗೋವಾದ ತನಕ ಹೋಗುವ ಆಸೆ ಇರುವವರಿಗೆ ಪಣಜಿಯ ಪತ್ರಾಗಾರ ಇದೆ, 1595ರಲ್ಲಿ ಶುರುವಾದದ್ದು. ಅಲ್ಲಿನ ಹಳೇ ಕಾಗದ ಪೋರ್ಚುಗೀಸಿನಲ್ಲಿ. ಆದರೆ ಮಧ್ಯದಲ್ಲಿ 1784ರ ಹಳ್ಳ ದಾಟುವ ಸೇತುವೆ ಬೇಕು. ಮೊದಲು ಹೊಳೆಬದಿ ಮುಟ್ಟೋಣ.

ಕೊಪ್ಪದ ಟೀಚರ್

ಮೂರು ತಿಂಗಳಾಯಿತು, ಬರೆಯಲಿಲ್ಲ ಎಂದು ಬೇಸರ ಮಾಡಬೇಡಿ. ಹೇಳುವುದು ಉದ್ದ ಇದೆ.

ಅಜ್ಜನ ಅಣ್ಣನ ಮೊಮ್ಮಗ ಸಿಕ್ಕಿದ. ಹೇಗೆ ಅಂದರೆ ಒಂದು ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಊಟದಲ್ಲಿ, ಪಂಕ್ತಿಯಲ್ಲಿ ಎದುರು ಕೂತವರು ಯಾರ ಕಡೆಯವರೆಂದು ವಿಚಾರಿಸುತ್ತ. ಅವನ ಮನೆಯಲ್ಲಿ ಟ್ರಂಕು ಇತ್ತು. ಟ್ರಂಕಿನಲ್ಲಿ ಪ್ಲಾಸ್ಟಿಕ್ ತೊಟ್ಟೆಯೂ ಇತ್ತು, ಧೂಳು ಅವರೇ! ಅದರೊಳಗೆ 1979ರಲ್ಲಿ ಅಜ್ಜನ ಅಣ್ಣನ ಮಗ ಕೊಟ್ಟ ಒಂದು ಹೇಳಿಕೆಯ ನಕಲು, ಟೈಪ್ ಮಾಡಿದ್ದು, "ಳ" ಅಕ್ಷರ ಬಿದ್ದಲ್ಲೆಲ್ಲ ಕೈಯಲ್ಲಿ ತುಂಬಿಸಿದ್ದು. "ಸದರಿ ಜಮೀನನ್ನು ನನ್ನ ಅಜ್ಜಿ ನತಾಲ್ ಬಾಯಿಯವರ ಕಾಲದಿಂದ ವರ್ಷಂಪ್ರತಿ 11 ಮುಡಿ ಅಕ್ಕಿ ಗೇಣಿ ಕೊಟ್ಟು ಸಾಗುವಳಿ ಮಾಡಿಕೊಂಡು ಬಂದಿರುತ್ತೇವೆ."

ಹೊಳೆಬದಿ ಮಾಯ್‌ಗೆ ಹೆಸರು ಸಿಕ್ಕಿತು. ನತಾಲ್. ನಾನು ಆ ಕಾಗದ ಹಿಡಿದು ಸುಮ್ಮನೆ ಕೂತೆ. ಮೊಮ್ಮಗನ ಹೆಂಡತಿ ಎರಡು ಸಲ ಚಾ ಬಿಸಿ ಮಾಡಿ ತಂದರು. ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ: ಗೇಣಿ ಅಜ್ಜಿಯ ಕಾಲದಿಂದ ಏಕೆ? ಅಜ್ಜನ ಕಾಲದಿಂದ ಅನ್ನಬೇಕಲ್ಲ? ಬೊಂಬಾಯಿಗೆ ಓಡಿಹೋದ ಗಂಡನ ಗದ್ದೆ ಹೆಂಡತಿಯ ಮೇಲೆ ಬಂತೇನೋ ಅಂದುಕೊಂಡೆ.

ಹೇಳಿಕೆಯಲ್ಲಿ ಗ್ರಾಮದ ಹೆಸರೂ ಇತ್ತು. ಆ ಗ್ರಾಮಕ್ಕೆ ಈಗಿರುವ ಇಗರ್ಜಿ ಆಮೇಲೆ ಕಟ್ಟಿದ್ದು. ತಾಯಿ ಇಗರ್ಜಿ ಬೇರೆ. ನಾನು ಮೊದಲು ಹೋಗಿ ಗೆದ್ದಲು ಅನ್ನಿಸಿಕೊಂಡು ಬಂದದ್ದು ಎರಡೂ ಅಲ್ಲ! ಈ ತಾಯಿ ಇಗರ್ಜಿಯ ವಿಗಾರ್ (ಮುಖ್ಯ ಪಾದ್ರಿ) ಒಳ್ಳೆಯವರು, ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ವಾಡೆಯ ಗುರ್ಕಾರರನ್ನು (ಆ ಕೇರಿಯ ಕ್ರೈಸ್ತರ ಮುಖಂಡರನ್ನು) ಕರೆಸಿ ನನ್ನ ಗುರುತು ವಿಚಾರಿಸಿ, ಆಮೇಲೆ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ ಪುಸ್ತಕ ಇಟ್ಟರು. ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ ಅಂದರು. ಪರೀಕ್ಷೆ ಹಾಲಿನಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದ ದನಿಯಲ್ಲೇ.

ಯೊವಾನ್ನೆಸ್ ಡಿಸೋಜ ಮೂವರು: 1886, 1893, 1899. ಸಮಾಧಿ ಕಲ್ಲಿನ ಲೆಕ್ಕಕ್ಕೆ 1886ರ ಮಗು ಹತ್ತಿರ ಬರುತ್ತಿತ್ತು, ಅದರ ಅಪ್ಪನೂ ಪಾಸ್ಕಲ್. ನಾನು ಬರೆದುಕೊಳ್ಳಲೂ ಶುರು ಮಾಡಿದ್ದೆ. ಆಗ ಗೆದ್ದಲು ಅವರ ಮಾತು ನೆನಪಾಯಿತು, ಅಂಚು. ಅಂಚಿನಲ್ಲಿ ಒಂದು ಸಣ್ಣ ಶಿಲುಬೆ, ಅದರ ಪಕ್ಕ ಮುಂದಿನ ವರ್ಷದ ತಾರೀಕು. ಆ ಮಗು ಉಳಿದಿರಲಿಲ್ಲ. 1893ರದ್ದಕ್ಕೆ ಅಂಚಿನಲ್ಲಿ ಏನೂ ಇಲ್ಲ. 1899ರದ್ದರ ಪಕ್ಕ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, 1926, ಘಟ್ಟದ ಮೇಲಿನ ನಮ್ಮ ಇಗರ್ಜಿಯ ಹೆಸರು, ನನ್ನ ಅಜ್ಜಿಯ ಹೆಸರು. ಮೈಸೂರು ಸೀಮೆಯ ಪಾದ್ರಿ ಒಂದು ಕಾರ್ಡು ಬರೆದು ಘಟ್ಟ ಇಳಿಸಿದ್ದಾರೆ, ಇಲ್ಲಿಯವರು ಅದನ್ನು ಇಪ್ಪತ್ತೇಳು ವರ್ಷ ಹಿಂದಿನ ಪುಟ ತಿರುಗಿಸಿ ಬರೆದಿದ್ದಾರೆ. ಅಜ್ಜ ಸಾಯುವಾಗ 84. ಹನ್ನೆರಡು ವರ್ಷ ನಾವೇ ಕಲ್ಲಿನಲ್ಲಿ ಸೇರಿಸಿದ್ದು. ಕಲ್ಲು ಬದಲಿಸಬೇಕೇ ಅಂತ ತಮ್ಮನನ್ನು ಕೇಳಿದೆ. "ಅಜ್ಜನಿಗೆ 96 ಇಷ್ಟ" ಅಂದ.

ಅಮ್ಮನ ಹೆಸರು ನತಾಲಿಯೆ ಎಂದೇ ಇದೆ. ಬೆಟಗೇರಿಯವರೇ, ಹೆಳವನನ್ನು ಪ್ರಶ್ನೆ ಕೇಳಿದ ಮಗಳ ಅಪ್ಪನವರೇ, ನೋಡಿ. ಎಲ್ಲ ನಮೂದಿನಲ್ಲೂ ಅಪ್ಪನ ಪಕ್ಕ ಅಮ್ಮನ ಹೆಸರಿದೆ. ಅಕ್ಷರ ಬಾರದ, ಭೂಮಿ ಇಲ್ಲದ, ಬೇರೆಲ್ಲೂ ಒಂದು ಗೆರೆಯೂ ಉಳಿಯದ ಹೆಂಗಸರು.

ಈಗ ನನ್ನ ಪ್ರಶ್ನೆ. ಪಾಸ್ಕಾಲಿಸ್ ಎಂಬ ಹೆಸರಿನ ಮೊದಲು ಒಂದು ಚಿಕ್ಕ ಪದ ಇದೆ. ಡಿ, ಇ, ಎಫ್, ಆಮೇಲೆ ಒಂದು ಚುಕ್ಕಿ. 1886ರ ಪಾಸ್ಕಲ್‌ಗೆ ಅದು ಇಲ್ಲ. ಮನೆತನದ ಹೆಸರೋ, ಯಾವುದಾದರೂ ಪದವಿಯೋ? ಫೋಟೋ ತೆಗೆಯಲು ವಿಗಾರ್ ಬಿಡಲಿಲ್ಲ, ನೋಟ್‌ಬುಕ್ಕಿನಲ್ಲಿ ಹಾಗೇ ಚಿತ್ರ ಬರೆದುಕೊಂಡು ಬಂದಿದ್ದೇನೆ.

ಗೆದ್ದಲು ಬಿಟ್ಟದ್ದು

ಟೀಚರ್, ಅದು ಮನೆತನ ಅಲ್ಲ. ಡೆಫುಂಕ್ತಿ ಎಂಬುದನ್ನು ಚಿಕ್ಕದು ಮಾಡಿ ಬರೆದದ್ದು. "ದಿವಂಗತ." ದಿವಂಗತ ಪಾಸ್ಕಲ್ ಮತ್ತು ನತಾಲ್ ಅವರ ಮಗ.

ಅಂದರೆ ಬಾಪ್ತಿಜ್ಮ್ ದಿನ ಅಪ್ಪ ಬದುಕಿರಲಿಲ್ಲ. ಬೊಂಬಾಯಿಗೆ ಹೋಗಿರಲಿಲ್ಲ ಅಂತ ನಾನು ಹೇಳಲಾರೆ, ಅಲ್ಲಿಗೆ ಹೋಗಿ ಅಲ್ಲೇ ಸತ್ತಿರಲೂಬಹುದು. ಆದರೆ ತಿರುಗಿ ಬಾರದೆ ಇದ್ದದ್ದು ಜಗಳದಿಂದ ಅಲ್ಲ. ಅದೇ ಇಗರ್ಜಿಯಲ್ಲಿ ಮರಣದ ಪುಸ್ತಕ ಬೇರೆ ಇರುತ್ತದೆ. ಅಜ್ಜ ಹುಟ್ಟಿದ ದಿನದಿಂದ ಹಿಂದಕ್ಕೆ ಒಂಬತ್ತು ತಿಂಗಳು ನೋಡಿ, ಹೆಚ್ಚು ಬೇಡ. ಅಲ್ಲಿ ಹೆಸರಿದ್ದರೆ ಊರಲ್ಲೇ ತೀರಿಕೊಂಡದ್ದು.

ಇನ್ನೊಂದು. ನಿಮ್ಮ ಅಜ್ಜನಿಗೆ ಅಣ್ಣ ಇದ್ದರು. ಪದ್ಧತಿ ಪಾಲಿಸಿದ್ದರೆ ಅಜ್ಜನ ಹೆಸರು ನತಾಲ್‌ಳ ಅಪ್ಪನದು. ಜುವಾಂವ್‌ನ ಮಗಳು ನತಾಲ್ ಅಂತ ಮದುವೆ ಪುಸ್ತಕದಲ್ಲಿ ಹುಡುಕಿ. ಆದರೆ ಆ 1886ರ ಮಗುವಿನ ಅಮ್ಮ ಯಾರೆಂದು ಮೊದಲು ನೋಡಿಕೊಂಡು ಬನ್ನಿ. ಅದೂ ನತಾಲ್ ಆಗಿದ್ದರೆ ತೀರಿಹೋದ ಮಗುವಿನ ಹೆಸರನ್ನೇ ನಿಮ್ಮ ಅಜ್ಜನಿಗೆ ಮತ್ತೆ ಇಟ್ಟಿದ್ದಾರೆ.

ತಾಲೂಕು ಕಚೇರಿ ಧೂಳು

ಗಂಡ ಸತ್ತ ಮೇಲೆ ಚೀಟು ಹೆಂಗಸಿನ ಹೆಸರಿಗೆ ಬರೆದು ಕೊಟ್ಟಿರಬೇಕು ಧಣಿಗಳು. ಅದಕ್ಕೇ "ಅಜ್ಜಿಯ ಕಾಲದಿಂದ" ಅಂತ ಬಂದದ್ದು. ಹನ್ನೊಂದು ಮುಡಿ ಸಣ್ಣ ಗೇಣಿ ಅಲ್ಲ ಅಮ್ಮ.

ಕೊಪ್ಪದ ಟೀಚರ್

ನಿನ್ನೆ ಇದನ್ನು ಓದಿ ಉತ್ತರ ಬರೆಯಲು ಆಗಲಿಲ್ಲ. 1886ರ ಮಗುವಿನ ಅಮ್ಮನ ಹೆಸರನ್ನು ನಾನು ಬರೆದುಕೊಂಡೇ ಇಲ್ಲ, ಶಿಲುಬೆ ಕಂಡ ಕೂಡಲೇ ಪುಟ ತಿರುಗಿಸಿಬಿಟ್ಟೆ.

ವಿಗಾರ್‌ಗೆ ಫೋನ್ ಮಾಡಿದೆ. ಮರಣದ ಪುಸ್ತಕ ಮೇಲಿನ ಅಟ್ಟದಲ್ಲಿದೆಯಂತೆ, ಈ ಮಳೆಯಲ್ಲಿ ಇಳಿಸಿದರೆ ಹಾಳೆ ಅಂಟಿಕೊಳ್ಳುತ್ತದೆ, ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ) ಕಳೆದು ಬನ್ನಿ ಎಂದರು. ಸೆಪ್ಟೆಂಬರ್ ಎಂಟು ಕಳೆಯಲಿ. ಸೊಸೆಯ ಹಾಳೆಯಲ್ಲಿ ನತಾಲ್ ಎಂದು ಬರೆದಿದ್ದೇನೆ, ಪಾಸ್ಕಲ್ ಎಂದೂ. ಅಪ್ಪನ ಹಳೇ ಡೈರಿ ಸಿಕ್ಕಿತ್ತು, ಅದರಲ್ಲಿ ಪಾಸ್ಕಲ್‌ನ ಹೆಸರಿನ ಪಕ್ಕ ಅಪ್ಪ ಯಾವಾಗಲೋ ಪೆನ್ಸಿಲಿನಲ್ಲಿ "ಬೊಂಬಾಯಿ" ಅಂತ ಗುರುತು ಹಾಕಿದ್ದರು. ಅದನ್ನು ಅಳಿಸಲಿಲ್ಲ, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.